ಹೊಲ ಕಾಯುವವರ ಹಾಸುಹಾಳೆ

ಪುಷ್ಯದಲ್ಲಿ ಕೊಯ್ದ ತೊಗರಿ ಕಾಯಲು ಸಿರ್ಗಾಪುರದ ಎರೆಹೊಲದಲ್ಲಿ ಮಲಗುವವರಿಗೆ ಮೇಲಿನ ಇಬ್ಬನಿಗಿಂತ ನೆಲದ ತಂಪೇ ಹೆಚ್ಚು ಬಾಧಕ. ಕಂಬಳಿ ತೇವ ಹೀರುತ್ತದೆ. ತಾಡಪತ್ರಿ ಹೊರಲು ಭಾರ. ಕಂಬಳಿಯ ಕೆಳಗೆ ಪಾಲಿಥೀನ್ ಹಾಳೆ ಹಾಸುವುದು ಲೇಸು.

ಅಂಗಡಿಯಲ್ಲಿ 400 ಗೇಜ್, ಎಂದರೆ 100 ಮೈಕ್ರಾನ್ ಹಾಳೆ ಕೇಳಿರಿ. ಅಂಗಡಿಯವನಿಗೆ ಸಿಟ್ಟು ಬಂದರೂ ಬರಲಿ, ತೂಗಿಸಿ ನೋಡಿರಿ. 2 ಮೀಟರ್ ಉದ್ದ, 1 ಮೀಟರ್ ಅಗಲದ ಹಾಳೆ ಸುಮಾರು 185 ಗ್ರಾಂ ಇರಬೇಕು; 90 ಗ್ರಾಂ ಬಂದರೆ ದಪ್ಪ ಅರ್ಧವೇ. ಅಂಥದನ್ನು ತೊಗರಿ ಕೂಳೆ ಒಂದೇ ರಾತ್ರಿಗೆ ತೂತು ಮಾಡುತ್ತದೆ.

ಹಾಳೆ ಹಾಸಿಗೆಯಿಂದ ಹೊರಗೆ ಚಾಚಿದರೆ ಇಬ್ಬನಿ ಒಳಗೇ ಹರಿಯುತ್ತದೆ. ಅಂಚನ್ನು ಕೆಳಕ್ಕೆ ಮಡಚಿರಿ. ಕೀಟನಾಶಕದ ಚೀಲವನ್ನು ಮಾತ್ರ ಎಂದೂ ಹಾಸಬೇಡಿರಿ. ಬೆಳಗ್ಗೆ ಒರೆಸಿ ನೆರಳಲ್ಲಿ ಸುತ್ತಿಡಿರಿ. ಬಿಸಿಲಿಗೆ ಬಿಟ್ಟ ಪಾಲಿಥೀನ್ ಪೆಡಸಾಗಿ ಸೀಳುತ್ತದೆ.