ಬಿದ್ದವರ ಆಸ್ಪತ್ರೆ ಖರ್ಚು ಯಾರದು?

ಕೋರ್ಟಿನ ಅಮೀನ ಡಿಕ್ರಿ ಹಿಡಿದು ಜಪ್ತಿಗೆ ಬಂದಾಗ ಮನೆಯೊಳಗೆ ಏನೇನನ್ನು ಮುಟ್ಟುವ ಹಾಗಿಲ್ಲ ಎಂಬುದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿ ಪಟ್ಟಿಯೇ ಇದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ, ಧರ್ಮದ ರೂಢಿಯಂತೆ ಹೆಂಗಸರು ಮೈಮೇಲಿಂದ ತೆಗೆಯಬಾರದ ಒಡವೆ, ಕಸುಬುದಾರನ ಹತ್ಯಾರು, ಬೇಸಾಯಗಾರನ ನೇಗಿಲು, ಬಿತ್ತನೆ ಕಾಳು. ಬೇಸಾಯಗಾರರ, ಕೂಲಿಕಾರರ ವಾಸದ ಮನೆಗೂ ರಕ್ಷಣೆ ಉಂಟು. ವ್ಯಾಪಾರಿಯ ಮನೆಗೆ ಆ ರಕ್ಷಣೆ ಇಲ್ಲ. ಪಾಲುದಾರರಿಲ್ಲ, ಕಂಪನಿ ಮಾಡಿಲ್ಲ, ಬೋರ್ಡಿನ ಮೇಲೂ ಬ್ಯಾಂಕ್ ಖಾತೆಯಲ್ಲೂ ‘ಪ್ರೊಪ್ರೈಟರ್’ ಎಂದಿರುವವರೇ ನಮ್ಮಲ್ಲಿ ಹೆಚ್ಚು. ಅಂಥವರ ಅಂಗಡಿಯ ಬಾಕಿಗೂ ಮನೆಯ ಆಸ್ತಿಗೂ ನಡುವೆ ಕಾನೂನು ಯಾವ ಗೋಡೆಯನ್ನೂ ಎಬ್ಬಿಸಿಲ್ಲ.

ಶಿವಮೊಗ್ಗದಲ್ಲಿ ನಮ್ಮಣ್ಣನದು ಅಡುಗೆ ಕಂಟ್ರ್ಯಾಕ್ಟು. ಮದುವೆ, ಉಪನಯನ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಎಲ್ಲದಕ್ಕೂ ಹೋಗುತ್ತಾನೆ. ಸೌಟು ಅವನದು, ಲೆಕ್ಕಪತ್ರ ನನ್ನದು. ಎರಡು ವರ್ಷದ ಹಿಂದೆ ಹೊಸದಾಗಿ ಶುರುವಾದ ಕಲ್ಯಾಣ ಮಂಟಪವೊಂದರ ಮ್ಯಾನೇಜರು, ‘ನಿಮ್ಮ ಲಯಬಿಲಿಟಿ ಪಾಲಿಸಿಯ ಕಾಪಿ ಕೊಡದೆ ಅಡುಗೆಮನೆ ಬೀಗ ಕೊಡಲ್ಲ ಸಾರ್’ ಎಂದುಬಿಟ್ಟರು. ಅಣ್ಣ ನನ್ನ ಮುಖ ನೋಡಿದ. ‘ನಮ್ಮದು ಇನ್ಶೂರೆನ್ಸ್ ಇದೆಯಲ್ಲೋ, ಬ್ಯಾಂಕಿನವರು ಮಾಡಿಸಿದ್ದು?’

ಇತ್ತು. ಬ್ಯಾಂಕಿನವರು ಸಾಲ ಕೊಡುವಾಗ ಮಾಡಿಸಿದ್ದು ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ಐದು ಕೋಟಿಯವರೆಗಿನ ಆಸ್ತಿಗೆ 2021ರ ಏಪ್ರಿಲ್‌ನಿಂದ ಎಲ್ಲ ಜನರಲ್ ಇನ್ಶೂರೆನ್ಸ್ ಕಂಪನಿಗಳೂ ಕೊಡುತ್ತಿರುವ ಪಾಲಿಸಿ ಅದು. ಬೆಂಕಿ, ಪ್ರವಾಹ, ಸಿಡಿಲು, ಗಲಭೆಯಿಂದ ನಮ್ಮ ಕೊಪ್ಪರಿಗೆ, ಗೋದಾಮು, ದಾಸ್ತಾನು ಹಾಳಾದರೆ ದುಡ್ಡು ಬರುತ್ತದೆ. ನಮ್ಮ ಸಿಲಿಂಡರಿನಿಂದ ಹತ್ತಿದ ಬೆಂಕಿ ಪಕ್ಕದ ಬಟ್ಟೆ ಅಂಗಡಿಯನ್ನು ಸುಟ್ಟರೆ ಆ ಅಂಗಡಿಯವನಿಗೆ ಇದರಲ್ಲಿ ಬಿಡಿಗಾಸೂ ಇಲ್ಲ. ನಮ್ಮ ಸಾಮಾನಿನ ಬೆಲೆ ನಮಗೆ ಗೊತ್ತು, ಅಷ್ಟಕ್ಕೇ ಪಾಲಿಸಿ ಮಾಡಿಸಬಹುದು. ಎದುರಿನವರಿಗೆ ಆಗುವ ನಷ್ಟಕ್ಕೆ ಅಂಥ ಅಳತೆಯಿಲ್ಲ. ಬಡಿಸುವಾಗ ಬಿಸಿ ಸಾರು ಮೈಮೇಲೆ ಚೆಲ್ಲಿಸಿಕೊಂಡವರು ಕೂಲಿ ಕೆಲಸದವರೋ ಕಣ್ಣಿನ ಡಾಕ್ಟರೋ ಎಂಬುದರ ಮೇಲೆ ಪರಿಹಾರದ ಮೊತ್ತವೇ ಬದಲಾಗುತ್ತದೆ.

ಸ್ಕೂಟರ್ ಇಟ್ಟವರಿಗೆಲ್ಲ ಥರ್ಡ್ ಪಾರ್ಟಿ ಗೊತ್ತು, ಯಾಕೆಂದರೆ ಅದಿಲ್ಲದಿದ್ದರೆ ಪೊಲೀಸರು ಹಿಡಿಯುತ್ತಾರೆ. ಅಂಗಡಿಗೆ ಹಾಗೆ ಹಿಡಿಯುವವರಿಲ್ಲ. ಭೋಪಾಲ್ ದುರಂತದ ಬಳಿಕ 1991ರಲ್ಲಿ ಬಂದ ಪಬ್ಲಿಕ್ ಲಯಬಿಲಿಟಿ ಇನ್ಶೂರೆನ್ಸ್ ಕಾಯ್ದೆ ವಿಮೆಯನ್ನು ಕಡ್ಡಾಯ ಮಾಡಿದ್ದು ಅಪಾಯಕಾರಿ ರಾಸಾಯನಿಕಗಳನ್ನು ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಇಟ್ಟುಕೊಳ್ಳುವವರಿಗೆ. ‘ಆ್ಯಕ್ಟ್ ಪಾಲಿಸಿ’ ಎಂದು ಏಜೆಂಟರು ಕರೆಯುವುದು ಅದನ್ನೇ. ಹೋಟೆಲು, ಬೇಕರಿ, ಜಿಮ್, ಅಡುಗೆಯವರು ಕೇಳಬೇಕಾದದ್ದು ಕಾರ್ಖಾನೆಯಲ್ಲದ ಜಾಗಗಳಿಗೆ ಬೇರೆಯಾಗಿ ಸಿಗುವ ಪಬ್ಲಿಕ್ ಲಯಬಿಲಿಟಿ ಪಾಲಿಸಿ.

ಆದರೆ ಮೊದಲು ಮಾಡಿಸಬೇಕಾದದ್ದು ಅದೂ ಅಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಕೆಲಸದವರದು. ಏಜೆಂಟರ ಬಾಯಲ್ಲಿ ಇಂದಿಗೂ ಅದು ‘ಡಬ್ಲ್ಯೂಸಿ’, ಅಂದರೆ ವರ್ಕ್‌ಮೆನ್ಸ್ ಕಾಂಪೆನ್ಸೇಷನ್. ಕಾಯ್ದೆಯ ಹೆಸರಿನಲ್ಲಿದ್ದ ‘ವರ್ಕ್‌ಮೆನ್’ ಎಂಬುದು ‘ಎಂಪ್ಲಾಯೀಸ್’ ಆಗಿ 2010ರಲ್ಲಿ ಜಾರಿಗೆ ಬಂದರೂ ಬಾಯಿಯ ರೂಢಿ ಬದಲಾಗಿಲ್ಲ. ಅತಿಥಿ ಜಾರಿಬಿದ್ದರೆ ತಪ್ಪು ಯಾರದು ಎಂದು ವಾದಿಸಲು ಜಾಗವಿದೆ. ಕೆಲಸದವರ ವಿಷಯದಲ್ಲಿ ಆ ವಾದವೇ ಬಹುಮಟ್ಟಿಗೆ ನಡೆಯುವುದಿಲ್ಲ. ಕೆಲಸದ ವೇಳೆ, ಕೆಲಸದ ಕಾರಣಕ್ಕೆ ಪೆಟ್ಟಾಯಿತೆಂದರೆ ಮಾಲೀಕ ಕೊಡಬೇಕು. 1923ರಿಂದ ಇರುವ ಈ ಕಟ್ಟಳೆಯನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ. ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಗುಣಾಂಕದಿಂದ ಗುಣಿಸಬೇಕು. ಮೂವತ್ತು ವರ್ಷದವನಿಗೆ ಗುಣಾಂಕ 207.98. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿಯನ್ನು ಕೇಂದ್ರ ಸರ್ಕಾರ 2020ರ ಜನವರಿಯಲ್ಲಿ 8,000ದಿಂದ 15,000 ರೂಪಾಯಿಗೆ ಏರಿಸಿತು. ಅದರ ಅರ್ಧ 7,500. ಗುಣಿಸಿದರೆ 15,59,850 ರೂಪಾಯಿ. ಬದುಕಿದ್ದೂ ಪೂರ್ತಿ ಶಾಶ್ವತ ಅಂಗವಿಕಲನಾದರೆ ಅರ್ಧದ ಬದಲು ನೂರಕ್ಕೆ ಅರವತ್ತು, ಅಂದರೆ 18,71,820. ಕೊಡುವುದು ತಡವಾದರೆ ನೂರಕ್ಕೆ ಹನ್ನೆರಡರಂತೆ ಬಡ್ಡಿ, ಸಕಾರಣವಿಲ್ಲದೆ ತಡಮಾಡಿದ್ದರೆ ಮೊತ್ತದ ಅರ್ಧದವರೆಗೆ ದಂಡ. ದಂಡವನ್ನು ವಿಮಾ ಕಂಪನಿ ಕಟ್ಟಿಕೊಡುವುದಿಲ್ಲ. ಬಡ್ಡಿ ಅವರ ಪಾಲಿಗೋ ನಿಮ್ಮ ಪಾಲಿಗೋ ಎಂಬುದು ಪಾಲಿಸಿಯ ಒಕ್ಕಣೆಯ ಮೇಲೆ ನಿಂತಿದೆ.

ನಾನು ಈ ಲೆಕ್ಕ ಬರೆದು ತೋರಿಸಿದಾಗ ಅಣ್ಣ, ‘ಅವರೆಲ್ಲ ಭಟ್ಟರು ಕರಕೊಂಡು ಬರೋ ಹುಡುಗರು, ಅವತ್ತಿನ ಕೂಲಿ ಅವತ್ತೇ ಕೊಟ್ಟು ಕಳಿಸ್ತೀನಿ, ನಮಗೇನು ಸಂಬಂಧ?’ ಎಂದ. ಆ ಸಂಬಂಧವನ್ನು ಕಾನೂನೇ ಕಟ್ಟಿದೆ. ನಮ್ಮ ಕಸುಬಿನ ಕೆಲಸವನ್ನು ನಡುವಿನವನ ಮೂಲಕ ಮಾಡಿಸಿದರೂ ಪೆಟ್ಟಾದವನು ನೇರ ನಮ್ಮನ್ನೇ ಕೇಳಬಹುದು. ಕೊಟ್ಟ ಮೇಲೆ ಭಟ್ಟರಿಂದ ವಸೂಲು ಮಾಡಿಕೊಳ್ಳುವ ಹಕ್ಕು ನಮಗಿದೆ. ಭಟ್ಟರ ಹತ್ತಿರ ಏನಿದೆ ವಸೂಲು ಮಾಡಲು, ಆ ಮಾತು ಬೇರೆ.

ಈ ಪಾಲಿಸಿಯ ಪ್ರೀಮಿಯಂ ನಿಂತಿರುವುದು ನಾವು ಘೋಷಿಸುವ ವರ್ಷದ ಒಟ್ಟು ಕೂಲಿಯ ಮೇಲೆ. ಹೆಚ್ಚಿನ ಎಡವಟ್ಟು ಆಗುವುದೂ ಅಲ್ಲೇ. ಪ್ರಪೋಸಲ್ ಫಾರ್ಮಿನಲ್ಲಿ ನಾಲ್ಕು ಜನ ಎಂದು ಬರೆದು, ವೈಶಾಖದ ಲಗ್ನದ ದಿನ ಇಪ್ಪತ್ತೈದು ಜನರನ್ನು ಒಲೆಯ ಮುಂದೆ ನಿಲ್ಲಿಸುವವರು ನಮ್ಮ ಊರಲ್ಲೇ ಬೇಕಾದಷ್ಟಿದ್ದಾರೆ. ಅವಘಡದ ಮಾರನೇ ದಿನ ಸರ್ವೇಯರ್ ಮೊದಲು ಕೇಳುವುದೇ ಕೂಲಿ ಪುಸ್ತಕ. ನಾನು ಬಡಿಸುವ ಹುಡುಗರು, ಎಲೆ ಎತ್ತುವ ಹೆಂಗಸರು, ತರಕಾರಿ ಹೆಚ್ಚುವವರು, ಎಲ್ಲರ ಕೂಲಿಯನ್ನೂ ಸೇರಿಸಿಯೇ ಬರೆದೆ. ವರ್ಷದ ಕೊನೆಗೆ ನಿಜವಾದ ಕೂಲಿ ತೋರಿಸಿ ಹೆಚ್ಚುಕಡಿಮೆ ಸರಿಪಡಿಸಿಕೊಳ್ಳಬಹುದು. ಕೆಲಸಗಾರರು ಹತ್ತು ಜನವೋ ಹೆಚ್ಚೋ ಇದ್ದು ಇಎಸ್‌ಐ ವ್ಯಾಪ್ತಿಗೆ ಬಂದಿದ್ದರೆ ಅಂಥವರ ಪರಿಹಾರ ಅಲ್ಲಿಂದಲೇ ಹೋಗುತ್ತದೆ. ಅವರನ್ನು ಮತ್ತೆ ಇಲ್ಲಿ ಸೇರಿಸಿ ದುಡ್ಡು ಕಟ್ಟುವುದು ದಂಡ.

ಇನ್ನು ಮಂಟಪದವರು ಕೇಳಿದ ಪಬ್ಲಿಕ್ ಲಯಬಿಲಿಟಿ. ಇದರಲ್ಲಿ ಎರಡು ಮಿತಿ ಇರುತ್ತವೆ, ಒಂದು ಅಪಘಾತಕ್ಕೆ ಇಷ್ಟು, ಇಡೀ ವರ್ಷಕ್ಕೆ ಇಷ್ಟು. ಒಂದಕ್ಕೆ ಒಂದರಿಂದ ಒಂದಕ್ಕೆ ನಾಲ್ಕರವರೆಗೆ ಅನುಪಾತ ಆರಿಸಿಕೊಳ್ಳಬಹುದು. ಒಂದು ಅಪಘಾತಕ್ಕೆ 25 ಲಕ್ಷ, ಅನುಪಾತ ಒಂದಕ್ಕೆ ಎರಡು ಎಂದರೆ ವರ್ಷಕ್ಕೆ 50 ಲಕ್ಷ. ವಕೀಲರ ಫೀಸು, ಕೋರ್ಟಿನ ಖರ್ಚು ಸಾಮಾನ್ಯವಾಗಿ ಇದರೊಳಗೇ. ಒಂದೇ ಊಟ ಉಂಡು ನೂರು ಜನ ಮಲಗಿದರೆ ನೂರು ಅಪಘಾತವಲ್ಲ, ಒಂದೇ. ಹಾಗಾಗಿ ಅಡುಗೆಯವರಿಗೆ ಮೊದಲನೆಯ ಅಂಕಿ ದೊಡ್ಡದಿರುವುದೇ ಮುಖ್ಯ. ಆಹಾರದಿಂದಾಗುವ ತೊಂದರೆಯನ್ನು ಸೇರಿಸಿದ್ದಾರೆಯೇ ಎಂದು ಪಾಲಿಸಿಯಲ್ಲೇ ಓದಿ ನೋಡಬೇಕು. ಬಹಳ ಸಲ ಅದನ್ನು ಬೇರೆಯಾಗಿ ಕೇಳಿ ಹಾಕಿಸಿಕೊಳ್ಳಬೇಕಾಗುತ್ತದೆ. ನಮಗೆ ಬಂದ ಮೊದಲ ಕೊಟೇಷನ್ನಿನಲ್ಲಿ ಈಜುಕೊಳ, ಲಿಫ್ಟು ಎಲ್ಲ ಇತ್ತು, ಊಟ ಇರಲಿಲ್ಲ!

ಮೂಗಿಗೆ ಬಡಿಯುವ ಹೊರತುಗಳೂ ಇವೆ. ನಮ್ಮ ಸುಪರ್ದಿನಲ್ಲಿರುವ ಬೇರೆಯವರ ವಸ್ತುವಿಗೆ ಸಾಮಾನ್ಯವಾಗಿ ರಕ್ಷಣೆ ಇಲ್ಲ. ಮಂಟಪದ ಗ್ರೈಂಡರ್ ನಮ್ಮ ಕೈಯಲ್ಲಿ ಸುಟ್ಟರೆ ಅದು ನಮ್ಮ ಜೇಬಿಗೆ. ಮೊಬೈಲ್ ರಿಪೇರಿಯವರು, ಇಸ್ತ್ರಿ ಅಂಗಡಿಯವರು, ರೇಷ್ಮೆ ಸೀರೆಗೆ ಕುಚ್ಚು ಕಟ್ಟುವವರು ಈ ಸಾಲನ್ನು ಎರಡು ಸಲ ಓದಬೇಕು, ಅವರ ವ್ಯಾಪಾರವೇ ಬೇರೆಯವರ ವಸ್ತು. ಪಾತ್ರೆ ಹೇರಿದ ಲಗೇಜ್ ಆಟೋ ರಸ್ತೆಯಲ್ಲಿ ಯಾರಿಗಾದರೂ ಗುದ್ದಿದರೆ ಅದು ವಾಹನದ ವಿಮೆಗೆ ಸೇರಿದ್ದು. ನಾವು ಒಪ್ಪಂದದಲ್ಲಿ ಮೈಮೇಲೆ ಎಳೆದುಕೊಂಡ ಹೆಚ್ಚುವರಿ ಹೊಣೆ, ಸರ್ಕಾರಕ್ಕೆ ಕಟ್ಟುವ ದಂಡ, ಇವೂ ಹೊರಗೆ.

ಚಕ್ಕುಲಿ, ಉಪ್ಪಿನಕಾಯಿ ಮಾಡಿ ಪ್ಯಾಕೆಟ್ಟಿನಲ್ಲಿ ಮಾರುವವರದು ಬೇರೆ ದಾರಿ. 2020ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಗ್ರಾಹಕ ರಕ್ಷಣಾ ಕಾಯ್ದೆ ಉತ್ಪನ್ನದ ಹೊಣೆಗೇ ಒಂದು ಅಧ್ಯಾಯ ಇಟ್ಟಿದೆ. ಅವರಿಗೆ ಪ್ರಾಡಕ್ಟ್ ಲಯಬಿಲಿಟಿ ಬೇಕು. ವೈದ್ಯರು ಗ್ರಾಹಕ ಕಾನೂನಿನಡಿ ಬರುತ್ತಾರೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ ಮೇಲೆ ಕ್ಲಿನಿಕ್ಕಿನವರು ಪ್ರೊಫೆಷನಲ್ ಇಂಡೆಮ್ನಿಟಿ ಮಾಡಿಸುತ್ತಲೇ ಬಂದಿದ್ದಾರೆ.

ಪಾಲಿಸಿ ಕೈಗೆ ಬಂದ ಮರುವರ್ಷವೇ ಕ್ಲೇಮಿನ ಅನುಭವವೂ ಆಯಿತು. ಬೀಗರ ಕಡೆಯ ಹಿರಿಯ ಹೆಂಗಸೊಬ್ಬರು ಕೈತೊಳೆಯುವ ಜಾಗದ ಹತ್ತಿರ ನಮ್ಮ ಹುಡುಗ ಚೆಲ್ಲಿದ್ದ ಮಜ್ಜಿಗೆಯ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಅಣ್ಣ ಅವರನ್ನು ಕಾರಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದವನು ಮಗನ ಕೈಹಿಡಿದು, ‘ಚಿಂತೆ ಮಾಡಬೇಡಿ, ಖರ್ಚೆಲ್ಲ ನಂದು’ ಎಂದಿದ್ದ. ನಮ್ಮ ಕಡೆ ಯಾರಾದರೂ ಹಾಗೇ ಹೇಳುತ್ತಾರೆ, ಹೇಳದಿದ್ದರೆ ಮನುಷ್ಯರೇ ಅಲ್ಲ. ಪಾಲಿಸಿಯ ಷರತ್ತು ಇದಕ್ಕೆ ನೇರ ವಿರುದ್ಧ: ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳಬಾರದು, ದುಡ್ಡಿನ ಮಾತು ಕೊಡಬಾರದು. ಸರ್ವೇಯರ್ ಫೈಲು ಬಿಚ್ಚಿ ಕೇಳಿದ್ದೂ ಅದನ್ನೇ. ‘ಬರೆದು ಕೊಟ್ಟಿದ್ದೀರಾ? ಸಹಿ ಏನಾದರೂ?’ ಬಾಯಿಮಾತು ಬಿಟ್ಟು ಏನೂ ಇರಲಿಲ್ಲ. ಅವತ್ತು ರಾತ್ರಿಯೇ ನಾನು ಕಂಪನಿಗೆ ಇಮೇಲ್ ಹಾಕಿದ್ದೂ ಕೆಲಸಕ್ಕೆ ಬಂತು. ಆಪರೇಷನ್ನಿನ ಬಿಲ್ಲಿನಲ್ಲಿ ನಮ್ಮ ಪಾಲಿನ ಎಕ್ಸೆಸ್ ಕಳೆದು ಉಳಿದದ್ದು ಬಂತು. ಅಣ್ಣ ಕೈಯಲ್ಲಿ ಕೊಟ್ಟಿದ್ದ ನಗದಿಗೆ ರಸೀದಿ ಇರಲಿಲ್ಲ, ಅದು ಹೋಯಿತು. ಆಸ್ಪತ್ರೆಗೆ ಸೇರಿಸಿ, ಜೊತೆಗಿರಿ, ಔಷಧಿಗೆ ದುಡ್ಡು ಕೊಡಿ, ಬಿಲ್ಲು ಇಟ್ಟುಕೊಳ್ಳಿ, ಕಾಗದದ ಮೇಲೆ ಮಾತ್ರ ಏನನ್ನೂ ಒಪ್ಪಿಕೊಳ್ಳಬೇಡಿ. ನಾನೀಗ ಕೇಳಿದವರಿಗೆಲ್ಲ ಹೇಳುವುದು ಇಷ್ಟೇ.

ರಿನ್ಯೂವಲ್ ಬಂದಾಗ ಏಜೆಂಟರು ಬೇರೆ ಕಂಪನಿಯ ಅಗ್ಗದ ಕೊಟೇಷನ್ ತಂದರು. ಇಂಥ ಪಾಲಿಸಿಗಳು ಸಾಮಾನ್ಯವಾಗಿ ನೋಡುವುದು ಕ್ಲೇಮು ಬಂದ ದಿನ ಪಾಲಿಸಿ ಚಾಲ್ತಿಯಲ್ಲಿತ್ತೇ ಎಂದು. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಜನರಿಗೆ ಎರಡು ವರ್ಷ ಕಾಲಾವಕಾಶವಿದೆ. ಹೋದ ವರ್ಷದ ಮದುವೆಯ ನೋಟಿಸು ಮುಂದಿನ ವರ್ಷ ಬಂದರೆ? ಯಾವ ದಿನದಿಂದೀಚೆಗಿನ ಅವಘಡಗಳು ಲೆಕ್ಕಕ್ಕೆ ಬರುತ್ತವೆ ಎಂದು ಹೇಳುವ ಹಳೆಯ ಪಾಲಿಸಿಯ ‘ರೆಟ್ರೋಆ್ಯಕ್ಟಿವ್ ಡೇಟ್’ ಅನ್ನು ಹೊಸ ಕಂಪನಿ ಹಾಗೇ ಮುಂದುವರಿಸುವುದಾಗಿ ಬರೆದುಕೊಟ್ಟರೆ ಮಾತ್ರ ಬದಲಾಯಿಸೋಣ ಎಂದೆ. ಅವರು ಬರೆದುಕೊಡಲಿಲ್ಲ, ನಾವು ಬದಲಾಯಿಸಲಿಲ್ಲ. ಎರಡೂ ಪಾಲಿಸಿ ಸೇರಿ, 18 ಪರ್ಸೆಂಟ್ ಜಿಎಸ್‌ಟಿಯೂ ಸೇರಿ, ವರ್ಷದಲ್ಲಿ ಬಡಿಸಿದ ಎಲೆಗಳಿಗೆ ಹಂಚಿದರೆ ಎಲೆಗೆ ಒಂದು ಹೋಳಿಗೆಯ ಬೆಲೆಯೂ ಬೀಳುವುದಿಲ್ಲ. ಅಣ್ಣ ಅದನ್ನು ರೇಟಿನಲ್ಲೇ ಸೇರಿಸಿದ್ದಾನೆ, ಯಾರೂ ಚೌಕಾಸಿ ಮಾಡಿಲ್ಲ.

ಕ್ಲೇಮು ತಿರಸ್ಕಾರವಾದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಆಮೇಲೂ ಬಗೆಹರಿಯದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅದು ವೈಯಕ್ತಿಕ ಪಾಲಿಸಿಗಳಿಗೆ ಮಾತ್ರ ಎಂದು ತಿಳಿದವರಿದ್ದಾರೆ. 2017ರ ನಿಯಮಗಳಲ್ಲಿ ಪ್ರೊಪ್ರೈಟರ್‌ಗಳಿಗೂ ಸೂಕ್ಷ್ಮ ಉದ್ಯಮಗಳಿಗೂ ಅವಕಾಶವಿದೆ. ಶುಲ್ಕವಿಲ್ಲ, ವಕೀಲರನ್ನು ಇಡಬೇಕಿಲ್ಲ.