ನೆರಳಿನ ಹಿತ್ತಲಲ್ಲಿ ಕಾಕಡ ಮಲ್ಲಿಗೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ನಾವು ಬಿಸಿಲಿನ ಬಗ್ಗೆ ಮಾತಾಡಿದಷ್ಟು ನೆರಳಿನ ಬಗ್ಗೆ ಮಾತಾಡಲ್ಲ. 40 ಡಿಗ್ರಿ ದಾಟೋ ಊರಲ್ಲಿ ಮನೆ ಹಿಂದೆ ಒಂದಿಷ್ಟು ತಂಪು ಜಾಗ ಇದ್ರೆ ಅದೇ ದೊಡ್ಡದು. ಅಲ್ಲಿ ಚಳಿಗಾಲಕ್ಕೆ ಹೂ ಬಿಡೋ ಗಿಡ ಬೆಳೆಸಬಹುದಾ? ದುಂಡು ಮಲ್ಲಿಗೆ ಬೇಸಿಗೆಯ ಹೂವು. ಎಳ್ಳಮಾಸಿ, ಸಂಕ್ರಾಂತಿ ಹೊತ್ತಿಗೆ ಅದು ಕಮ್ಮಿಯಾಗಿ ಮೊಳದ ರೇಟು ಏರಿರುತ್ತದೆ. ಆಗ ಅಮ್ಮಂದಿರ ಕೈಗೆ ಸಿಗೋದು ಕಾಕಡ, ಅಂದ್ರೆ ಮಾಗಿ ಮಲ್ಲಿಗೆ.

ಸಸ್ಯಶಾಸ್ತ್ರದಲ್ಲಿ ಇದು ಜಾಸ್ಮಿನಮ್ ಮಲ್ಟಿಫ್ಲೋರಮ್. ನಿತ್ಯಹಸಿರು ಪೊದೆ, ಎಳೆ ಚಿಗುರು ಮುಟ್ಟಿದರೆ ಸಣ್ಣ ರೋಮ ಕೈಗೆ ಸಿಗುತ್ತದೆ. ಪರಿಮಳ ದುಂಡು ಮಲ್ಲಿಗೆಯಷ್ಟು ಜೋರಿಲ್ಲ, ಮುಂಚೆಯೇ ಹೇಳಿಬಿಡ್ತೀವಿ. ಅರೆ ನೆರಳು ತಡೆಯುತ್ತದೆ, ಪೂರ್ತಿ ನೆರಳಾದರೆ ಉದ್ದುದ್ದ ಬೆಳೆದು ಬರೀ ಎಲೆ ಕೊಡುತ್ತದೆ. ಹಾಗಾಗಿ ಡಿಸೆಂಬರಿನಲ್ಲಿ ನೆರಳು ಎಲ್ಲಿ ಬೀಳುತ್ತದೆ ಅಂತ ಮೊದಲು ನೋಡಬೇಕು.

ಇಲ್ಲಿ ನಮ್ಮ ಟ್ರಿಗನಾಮೆಟ್ರಿ ಕೆಲಸಕ್ಕೆ ಬರುತ್ತದೆ (ಕೊನೆಗೂ!). ಮೂರೂ ಊರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ 23.4 ಡಿಗ್ರಿ ದಕ್ಷಿಣಕ್ಕಿರುತ್ತಾನೆ. 90ರಲ್ಲಿ ಎರಡನ್ನೂ ಕಳೆದರೆ ನಡುಮಧ್ಯಾಹ್ನ ಸೂರ್ಯನ ಎತ್ತರ 50.6 ಡಿಗ್ರಿ. 10 ಅಡಿ ಗೋಡೆಯ ಎತ್ತರವನ್ನು ಟ್ಯಾನ್ 50.6ರಿಂದ ಭಾಗಿಸ್ರಿ: ನೆರಳು ಉತ್ತರಕ್ಕೆ 8 ಅಡಿ ದಾಟುತ್ತದೆ. ಅದೇ ಮೇ ಮೊದಲ ವಾರದಲ್ಲಿ ಸೂರ್ಯ ನೆತ್ತಿ ಮೇಲೆ, ಮಧ್ಯಾಹ್ನ ಗೋಡೆಗೆ ನೆರಳೇ ಇರಲ್ಲ. ಅಂದ್ರೆ ಗೋಡೆಯ ಉತ್ತರಕ್ಕೆ ಅಂಟಿಸಿ ನೆಟ್ಟ ಕಾಕಡ ಬೇಸಿಗೆಯಲ್ಲಿ ಸುಡುತ್ತದೆ, ಹೂ ಬಿಡೋ ಕಾಲಕ್ಕೆ ನೆರಳಲ್ಲಿ ಕೂರುತ್ತದೆ. ಪೂರಾ ಉಲ್ಟಾ.

ಬೇವಿನ ಮರ ಇದ್ದರೆ ಅದರ ದಕ್ಷಿಣದ ಅಂಚು ಒಳ್ಳೇ ಜಾಗ. ಚಳಿಗಾಲದ ಓರೆ ಬಿಸಿಲು ಕೊಂಬೆಗಳ ಕೆಳಗಿಂದ ಒಳಗೆ ಬರುತ್ತದೆ. ಬೇಸಿಗೆಯದನ್ನು ಕೊಂಬೆಗಳೇ ತಡೆಯುತ್ತವೆ. ಮರದ ಬುಡಕ್ಕೆ ತೀರಾ ಹತ್ತಿರ ಬೇಡ, ಬೇರು ನೀರು ಕಸಿಯುತ್ತದೆ.

ಸಿಂಧನೂರಿನ ಕಾಲುವೆ ಬಯಲಿನ ಎರೆ ಮಣ್ಣಲ್ಲಿ ಗುಂಡಿ ತೋಡಿದರೆ ಅದು ಬಕೆಟ್ ಇದ್ದಂಗೆ, ನೀರು ನಿಂತು ಬೇರು ಕೊಳೆಯುತ್ತದೆ. ಮಸಾರಿ ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಕಲಸಿ ಒಂದಡಿ ಏರಿ ಮಾಡ್ರಿ. ಮಳೆಗಾಲ ಶುರುವಾದಾಗ ಗೇಣುದ್ದದ, ಅರೆಬಲಿತ ಕಡ್ಡಿ ಊರಿದರೆ ಚಿಗುರುತ್ತದೆ. ಹೂ ಬರೋದು ಹೊಸ ಚಿಗುರಿಗೆ. ಆದ್ದರಿಂದ ಕತ್ತರಿ ಹಾಕೋದು ಹೂ ಮುಗಿದ ಮೇಲೆಯೇ. ಚಂದ ಕಾಣಲಿ ಅಂತ ನವೆಂಬರಿನಲ್ಲಿ ಸವರಿದರೆ ಆ ವರ್ಷದ ಮೊಗ್ಗು ಹೋದಂಗೇ.

ಉತ್ತರದ ಸಂದಿ ಒಂದೇ ಇರೋ ಮನೆಯವರು ಕುಂಡದಲ್ಲಿ ನೆಟ್ಟು, ಅಕ್ಟೋಬರಿನಲ್ಲಿ ಬಿಸಿಲಿರೋ ಕಡೆ ಸರಿಸಿಕೊಳ್ರಿ.