ಆದೋನಿಯ ಗಾಳಿ: ಋತುಮಾನದ ಏರಿಳಿತ

1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ ಇಂದು ಪಶ್ಚಿಮ ಕರ್ನೂಲಿನ ದೊಡ್ಡ ಹತ್ತಿ ಮಾರುಕಟ್ಟೆ. ಅಕ್ಟೋಬರ್ ಸುಮಾರಿಗೆ ಹೊಸ ಹತ್ತಿ ಬರತೊಡಗಿದಂತೆ ಜಿನ್ನಿಂಗ್ ಮಿಲ್ಲುಗಳು ಚುರುಕಾಗುತ್ತವೆ. ಅರಳೆಯಿಂದ ಬೀಜ ಬೇರ್ಪಡುವಾಗ ಹಾರುವ ಎಳೆ, ಎಲೆಪುಡಿ, ಮಣ್ಣು ಕೂಲಿಕಾರರ ಹುಬ್ಬಿನ ಮೇಲೂ ಕೂರುತ್ತವೆ. ಹತ್ತಿ ಧೂಳನ್ನು ದೀರ್ಘಕಾಲ ಉಸಿರಾಡಿದರೆ ಬರುವ ಶ್ವಾಸಕೋಶದ ಕಾಯಿಲೆ ಬಿಸ್ಸಿನೋಸಿಸ್. ಕಷ್ಟವೆಂದರೆ, ಚಳಿಗಾಲದ ಉಷ್ಣತಾ ವಿಲೋಮವೂ ಇದೇ ಹೊತ್ತಿನದು: ನೆಲದ ತಣ್ಣನೆಯ ಗಾಳಿಯ ಮೇಲೆ ಬೆಚ್ಚನೆಯ ಪದರ ನಿಂತು ಧೂಳು ಮೇಲೇರದಂತೆ ತಡೆಯುತ್ತದೆ. ಬೇಸಿಗೆಯ ಬಿಸಿಗಾಳಿ ಹೊಗೆ ಚದುರಿಸಿದರೂ ಹೊಲದ ಮಣ್ಣೆಬ್ಬಿಸುತ್ತದೆ. ಮುಂಗಾರು ಗಾಳಿಯನ್ನು ತೊಳೆಯುತ್ತದೆ. ಆದರೆ ಮಳೆನೆರಳಿನ ಈ ಸೀಮೆಗೆ ಆ ನೆರವು ಅಲ್ಪ. ವಿಶಾಖಪಟ್ಟಣಕ್ಕಿರುವ ಕಡಲಗಾಳಿಯೂ ಇಲ್ಲಿಲ್ಲ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನೂಲು ನಗರವಿದೆ. ದೇಶದ ಮಾನದಂಡದಂತೆ, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳಲ್ಲಿ ಪಿಎಂ 10ರ ವಾರ್ಷಿಕ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ಪಿಎಂ 2.5ರದು 40.